ತಂಗಿಯ ತೋಳಿನ ಮೇಲೆ ಕೊಕ್ಕರೆ ಹೂವು

ನನ್ನ ಅಂಗಡಿಯ ಹಲಗೆಯ ಮೇಲೆ ಬಟರ್ ಪೇಪರಿನದೊಂದು ಸುರುಳಿ ಇದೆ. ಚನ್ನಗಿರಿಯ ಯಾವ ಮದುಮಗಳೇ ಆಗಲಿ, ರವಿಕೆಗೆ ಆರಿ ವರ್ಕ್ ಕಸೂತಿ ಮಾಡಿಸುವ ಮೊದಲು ಅದನ್ನು ಬಿಚ್ಚಿ ನೋಡುತ್ತಾಳೆ. ಹಾಳೆಗೊಂದು ಚಿತ್ರ: ನವಿಲು, ಜೋಡಿ ನವಿಲು, ಜಗಳವಾಡಿಕೊಂಡ ಹಾಗೆ ಬೆನ್ನು ತಿರುಗಿಸಿ ನಿಂತ ನವಿಲು, ಆನೆ, ಅಂಬಾರಿ, ಕಮಲ, ಬೆನ್ನಿನ ಅಗಲಕ್ಕೂ ಹಬ್ಬಿದ ಪಲ್ಲಕ್ಕಿ. ಹೀಗೆ ಮಗುಚುತ್ತಾ ಬಂದವರು ಒಂದು ಹಾಳೆಯ ಹತ್ತಿರ ನಿಂತುಬಿಡುತ್ತಾರೆ. ತಲೆಯನ್ನು ಆ ಕಡೆ ವಾಲಿಸುತ್ತಾರೆ, ಈ ಕಡೆ ವಾಲಿಸುತ್ತಾರೆ, ಆಮೇಲೆ ಹಾಳೆಯನ್ನೇ ತಿರುಗಿಸುತ್ತಾರೆ.

"ಇದೇನ್ರೀ ಸುಶೀಲಕ್ಕ, ಜೇಡನಾ?"

ಜೇಡ ಅಂದವರು ಎಷ್ಟೋ ಜನ. ವಿಮಾನ ಅಂದವರೂ ಇದ್ದಾರೆ. ಸಂತೇಬೆನ್ನೂರಿನಿಂದ ಬಂದಿದ್ದ ಒಬ್ಬ ಅಜ್ಜಿ ಕೈಮುಗಿದು, "ಯಾವ ದೇವ್ರವ್ವ ಇದು?" ಎಂದು ಕೇಳಿದ್ದರು. ಎಲ್ಲರಿಗೂ ನನ್ನದು ಒಂದೇ ಉತ್ತರ: "ಹೂವು ಕಣ್ರೀ. ಕೊಕ್ಕರೆ ಹೂವು." ಅವರು ನನ್ನ ಮುಖವನ್ನೊಮ್ಮೆ ನೋಡಿ, ಮರ್ಯಾದೆಯಿಂದ ನವಿಲಿನ ಕಡೆಗೆ ಮರಳುತ್ತಾರೆ.

ನಿಮಗೆ ಪುರುಸೊತ್ತಿದ್ದರೆ ಆ ಹೂವಿನ ಕಥೆ ಹೇಳುತ್ತೇನೆ. ಕಥೆ ಹೂವಿನದೋ ನನ್ನ ತಂಗಿ ಗಿರಿಜೆಯದೋ ಎಂದು ಕೇಳಬೇಡಿ. ಅದು ನನಗೂ ಸರಿಯಾಗಿ ಗೊತ್ತಿಲ್ಲ.

ಗಿರಿಜೆ ಹೊನ್ನಾಳಿಯಲ್ಲಿ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಹುಟ್ಟಿದಾಗಲೇ ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದವಳು ಎಂದು ಅವ್ವ ಹೇಳುತ್ತಿದ್ದಳು. ಮದುವೆಯ ವಯಸ್ಸಿನಲ್ಲಿ ಬಂದ ಗಂಡುಗಳನ್ನೆಲ್ಲ ಔಟ್ ಮಾಡಿ ಕಳಿಸಿದಳು. ಆಮೇಲೆ ಗಂಡುಗಳು ಬರುವುದು ನಿಂತಿತು, ಅವಳೂ ನಿರಾಳವಾದಳು. ನಲವತ್ತು ದಾಟಿ, ಕಿವಿಯ ಹತ್ತಿರ ಬೆಳ್ಳಿ ಕಾಣಿಸಿಕೊಂಡ ಮೇಲೆ, ನಾವೆಲ್ಲ ಅವಳ ಮದುವೆಯ ಮಾತು ಮರೆತೇಬಿಟ್ಟಿದ್ದ ಕಾಲದಲ್ಲಿ, ಒಂದು ದಿನ ಅವಳ ಶಾಲೆಯ ಮೈದಾನಕ್ಕೆ ಒಂದು ಬೀದಿ ಹಸು ನುಗ್ಗಿತು. ಕಬಡ್ಡಿಯ ಅಂಕಣದ ನಟ್ಟನಡುವೆ ಮಲಗಿ ಕರು ಹಾಕಲು ಶುರು ಮಾಡಿತು. ಕರು ಅಡ್ಡವಾಗಿತ್ತು. ಯಾರೋ ಫೋನ್ ಮಾಡಿ ದನದ ಡಾಕ್ಟರನ್ನು ಕರೆಸಿದರು.

ಬಂದವರು ನಾಗೇಂದ್ರಪ್ಪ. ಅವರು ನಿಜವಾಗಿ ಡಾಕ್ಟರಲ್ಲ, ಪಶು ಇಲಾಖೆಯ ಇನ್ಸ್‌ಪೆಕ್ಟರು. ಆದರೆ ಹಸುಗಳಿಗೂ ಊರಿನವರಿಗೂ ಆ ವ್ಯತ್ಯಾಸ ಬೇಕಾಗಿಲ್ಲ. ಜಗಳೂರಿನ ಕಡೆಯವರು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ವಯಸ್ಸಾದ ತಾಯಿಯನ್ನು ಜೊತೆಗೆ ಕರೆದುಕೊಂಡು ಹೊನ್ನಾಳಿಗೆ ವರ್ಗವಾಗಿ ಬಂದಿದ್ದರು. ಮೊಣಕೈವರೆಗೆ ಸೋಪು ಹಚ್ಚಿಕೊಂಡು ಸುತ್ತ ನೋಡಿದರಂತೆ. ಮಕ್ಕಳೆಲ್ಲ ದೂರ ಓಡಿದ್ದರು, ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡಿದ್ದರು. ನಿಂತಿದ್ದವಳು ಇವಳೊಬ್ಬಳೇ.

"ಹಗ್ಗ ಎಳೆಯಾಕೆ ಬರ್ತೈತಾ ಮೇಡಂ?"

"ಹಗ್ಗಜಗ್ಗಾಟದಾಗೆ ಜಿಲ್ಲಾ ಮಟ್ಟಕ್ಕೆ ಹೋಗೀವಿ ಸರ್."

ಇಬ್ಬರೂ ಸೇರಿ ಎಳೆದರು. ಕರು ಬಂತು. ಆಮೇಲೆ ಕರುವಿನ ಆರೋಗ್ಯ ವಿಚಾರಿಸಲು ಸರ್ ಬರುತ್ತಾ ಹೋದರು, ಮೇಡಂ ಚಹಾ ತರಿಸುತ್ತಾ ಹೋದಳು. ಕರು ಬೆಳೆದು ದಷ್ಟಪುಷ್ಟವಾಗಿ ಮೈದಾನದ ಹುಲ್ಲನ್ನೆಲ್ಲ ಮೇಯ್ದು ಮುಗಿಸಿದ ಮೇಲೂ ವಿಚಾರಣೆ ಮುಂದುವರಿದಾಗ ನಮಗೆ ಅರ್ಥವಾಯಿತು. ಶ್ರಾವಣದ ಕೊನೆಗೆ ಈಶ್ವರನ ಗುಡಿಯಲ್ಲಿ ಚಿಕ್ಕದಾಗಿ ಮದುವೆ ಎಂದು ನಿಶ್ಚಯವಾಯಿತು.

ಊರ ಮದುವಣಗಿತ್ತಿಯರಿಗೆಲ್ಲ ಚಿನ್ನದ ಜರಿಯಲ್ಲಿ ಕೆಲಸ ಮಾಡಿಕೊಡುವ ನಾನು ಸ್ವಂತ ತಂಗಿಗೆ ಸುಮ್ಮನಿರುತ್ತೇನೆಯೇ? ಅವಳೇನೋ "ಪ್ಲೇನ್ ರವಿಕೆ ಸಾಕು ಅಕ್ಕ, ಈ ವಯಸ್ಸಿನಾಗೆ ಬೆನ್ನ ಮ್ಯಾಲೆ ಪಲ್ಲಕ್ಕಿ ಹೊತ್ಕೊಂಡು ತಿರುಗಾಕಾಗಲ್ಲ" ಅಂದಳು. ನಾನು ಅತ್ತೆ. ಅಳುವುದು ನನಗೆ ಚೆನ್ನಾಗಿ ಬರುತ್ತದೆ. ಕೊನೆಗೆ ಒಪ್ಪಿದಳು.

"ಆದ್ರೆ ನವಿಲು ಬ್ಯಾಡ, ಆನೆ ಬ್ಯಾಡ. ಹಾಕಾದಾದ್ರೆ ನಮ್ಮ ಕ್ವಾರ್ಟರ್ಸ್ ಹಿಂದಿನ ಗುಡ್ಡದ ಕೊಕ್ಕರೆ ಹೂವು ಹಾಕು."

ನಮ್ಮ ಅವ್ವ ನರ್ಸಮ್ಮನಾಗಿದ್ದಳು. ನ್ಯಾಮತಿ ಹತ್ತಿರದ ಒಂದು ಹಳ್ಳಿಯಲ್ಲಿ ಅವಳಿಗೆ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸ್ ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಸೂಜಿ, ಟಿಂಚರಿನ ವಾಸನೆ, ಅಳುವ ಮಕ್ಕಳು. ಹಿಂದಿನ ಕೋಣೆಯಲ್ಲಿ ನಾವು. ಹಿತ್ತಲ ಬಾಗಿಲು ತೆಗೆದರೆ ಹುಲ್ಲಿನ ಗುಡ್ಡ. ಬೇಸಿಗೆಯಲ್ಲಿ ಆ ಗುಡ್ಡ ಬೋಳಿಸಿದ ತಲೆಯ ಹಾಗಿರುತ್ತಿತ್ತು. ಮಳೆ ಬಿದ್ದು ಹುಲ್ಲು ಮೊಣಕಾಲೆತ್ತರ ಬಂದಾಗ ಅದರ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಹೂವು ಕತ್ತು ಎತ್ತಿ ನಿಲ್ಲುತ್ತಿತ್ತು. ಗದ್ದೆಯಲ್ಲಿ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಹಾಗೆ. ಹೆಸರು ಇಟ್ಟವರು ನಾವೇ.

ಒಂದು ಸಲ ಇಬ್ಬರೂ ಸೇರಿ ಒಂದು ಗಿಡದ ಬುಡ ಬಗೆದು ನೋಡಿದ್ದೆವು. ಮಣ್ಣಿನ ಕೆಳಗೆ ಎರಡು ಗೆಡ್ಡೆ, ಜೋಡಿಯಾಗಿ. ಒಂದು ಸುಕ್ಕುಗಟ್ಟಿ ಮೆತ್ತಗಾಗಿತ್ತು, ಇನ್ನೊಂದು ಬೆಳ್ಳಗೆ ಗಟ್ಟಿಯಾಗಿ ಹೊಸ ಆಲೂಗಡ್ಡೆಯಂತಿತ್ತು. ಸುಕ್ಕಿನದು ಅಜ್ಜಿ, ಗಟ್ಟಿಯದು ಮೊಮ್ಮಗಳು ಎಂದು ತೀರ್ಮಾನಿಸಿದೆವು. ಅವ್ವ ನೋಡಿ, "ಹಳೇದು ಈ ವರ್ಷದ ಹೂವಿಗೆ ಊಟ ಹಾಕಿ ಬಡವಾಗೈತೆ ಕಣ್ರೇ. ಹೊಸಾದು ಬರೋ ವರ್ಷಕ್ಕೆ ಬುತ್ತಿ ಕಟ್ಕೊಂಡೈತೆ. ಮುಚ್ರಿ ಮೊದ್ಲು" ಎಂದು ತಾನೇ ಕುಕ್ಕರಗಾಲಲ್ಲಿ ಕೂತು ಮಣ್ಣು ಮುಚ್ಚಿದ್ದಳು. ಬ್ಯಾಂಡೇಜು ಸುತ್ತುವಷ್ಟೇ ನಾಜೂಕಾಗಿ.

ಇಷ್ಟೆಲ್ಲ ನೆನಪಿರುವ ನನಗೆ ಹೂವಿನ ಚಿತ್ರ ಬಿಡಿಸುವುದು ಎಷ್ಟರ ಮಾತು? "ಕಣ್ಣು ಮುಚ್ಕೊಂಡು ಬಿಡಿಸ್ತೀನಿ" ಎಂದೆ. ಕಣ್ಣು ತೆರೆದುಕೊಂಡೇ ಬಿಡಿಸಿದೆ. ನನ್ನ ಜೊತೆ ಅಂಗಡಿಯಲ್ಲಿ ಕೂತು ಕೆಲಸ ಮಾಡುವ ಶಬಾನಾ, ಚೌಕಟ್ಟಿಗೆ ಬಿಗಿದ ಬಟ್ಟೆಯಿಂದ ಸೂಜಿ ಎತ್ತಿ ಇಣುಕಿದಳು.

"ಕಣಗಿಲೆ ಹೂವಾ ಸುಶೀಲಕ್ಕ?"

ಅಳಿಸಿ ಇನ್ನೊಂದು ಬಿಡಿಸಿದೆ.

"ಈಗ ಫ್ಯಾನ್ ಥರ ಐತೆ. ಸುತ್ತ ಕನ್ನಡಿ ಹಚ್ಚಾನಾ? ಸೂರಗೊಂಡನಕೊಪ್ಪದ ಕಡೆ ಲಂಬಾಣಿಯೋರು ಹಚ್ತಾರಲ್ಲ, ಹಂಗೆ. ಕನ್ನಡಿ ಹಚ್ಚಿದ್ರೆ ಏನ್ ಬಿಡಿಸಿದ್ರೂ ಚಂದ ಕಾಣ್ತೈತೆ."

ಗಿರಿಜೆಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ತಕ್ಷಣ ಕರೆ ಮಾಡಿದಳು. "ಬಾಲ ಎಲ್ಲೈತೆ?"

"ಹೂವಿಗೆ ಬಾಲ ಎಲ್ಲಿಂದ ಬರ್ತೈತೆ?"

"ಕೊಕ್ಕರೆ ಹೂವಿಗೆ ಬಾಲ ಇತ್ತು ಅಕ್ಕ. ಹಿಂದುಗಡೆ, ಇಷ್ಟುದ್ದ. ನೀನು ಹೂವು ಮುಡ್ಕೊಳ್ಳಾಕೆ ನೋಡಿದ್ದು. ನಾನು ನೋಡಾಕೆ ನೋಡಿದ್ದು."

ಇಷ್ಟು ವರ್ಷ ಹೂವುಗಳನ್ನೇ ಹೊಲಿದು ಹೊಟ್ಟೆ ಹೊರೆದವಳಿಗೆ ಹೇಳುವ ಮಾತೇ ಇದು? ರೋಷ ಬಂದು ಫೋನಿನಲ್ಲಿ ಹುಡುಕಿದೆ. ಇದು ಆರ್ಕಿಡ್ ಜಾತಿಯದಂತೆ. ಮರದ ಕೊಂಬೆಯ ಮೇಲೆ ಜೋತುಬೀಳುವ ಸೀತಾಳೆ ದಂಡೆಯ ನೆಂಟ. ಆ ನೆಂಟರೆಲ್ಲ ಮರ ಹತ್ತಿ ಹೆಸರು ಮಾಡಿದರು, ಇದು ನೆಲ ಬಿಟ್ಟು ಏಳಲಿಲ್ಲ. ಆದರೆ ಫೋನು ತೋರಿಸಿದ ಬಿಳಿ ಹೂವುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಗಿಡ್ಡ ಬಾಲ, ಒಂದಕ್ಕೆ ಡೊಂಕು ಬಾಲ, ಒಂದರ ಎಸಳು ಸೀಳಿ ಚಿಂದಿ. ನಮ್ಮದು ಯಾವುದು ಎಂದು ತಿಳಿಯಲು ಒಂದೇ ದಾರಿ: ಹೋಗಿ ನೋಡುವುದು. ಪುಣ್ಯಕ್ಕೆ ಶ್ರಾವಣ ಆಗಷ್ಟೇ ಹುಟ್ಟಿತ್ತು. ಹೂವು ಏಳುವ ಕಾಲ.

ಅಷ್ಟರಲ್ಲಿ ಬೇರೆ ಕಡೆಯಿಂದ ಬಿರುಗಾಳಿ ಎದ್ದಿತು. ನಾಗೇಂದ್ರಪ್ಪ ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ ಹಾಲಮ್ಮನ ಮುಂದೆ, ಮೇಡಂ ರವಿಕೆಗೆ ಬಿಳಿ ಹೂವು ಹಾಕಿಸುತ್ತಿದ್ದಾರೆ ಎಂದು ಸಂತೋಷದಿಂದ ಬಾಯಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಹಾಲಮ್ಮ ನನಗೇ ಫೋನ್ ಮಾಡಿದರು. ಎಪ್ಪತ್ತು ದಾಟಿದ ಹೆಂಗಸು. ಮಾತು ಜಗಳೂರಿನ ಬಿಸಿಲಿನ ಹಾಗೆ, ಅಡ್ಡಕ್ಕೆ ಒಂದು ಮರವೂ ಇಲ್ಲ.

"ಮದುಮಗಳ ರವಿಕೆ ಮ್ಯಾಲೆ ಬಿಳಿ ಹೂವಾ? ಯಾರವ್ವ ಹೇಳಿಕೊಟ್ಟಿದ್ದು ನಿಂಗೆ?"

"ಮಲ್ಲಿಗೇನೂ ಬಿಳೀನೇ ಅಲ್ವೇನಮ್ಮ..."

"ಮಲ್ಲಿಗೆ ತಲ್ಯಾಗೆ ಇರ್ತೈತೆ, ಸಂಜಿಗೆ ಬಾಡ್ತೈತೆ, ತಗ್ದು ಒಗಿತೀವಿ. ದಾರದಾಗೆ ಹೊಲಿದ ಬಿಳಿ ಎಲ್ಲಿಗೆ ಹೋಗ್ತೈತೆ? ಹಂಗೇ ಇರ್ತೈತೆ." ಆಮೇಲೆ ದನಿ ತಗ್ಗಿತು. "ಒಂದು ಸೊಸೇನ ನನ್ನ ಕೈಯಾರೆ ಕಳಿಸಿಕೊಟ್ಟೀನಿ ಕಣವ್ವ. ಇನ್ನೊಬ್ಬಾಕಿ ಬರೋವಾಗ ನಂಗೆ ಭಯ ಆಗ್ತೈತೆ. ಅದು ಬಿಟ್ಟು ಏನಾದ್ರೂ ಹಾಕು. ಇಲ್ಲಾಂದ್ರೆ ನಾನು ಮದುವಿಗೆ ಬರಾದಿಲ್ಲ."

ಬೈದಿದ್ದರೆ ನಾನೂ ಬೈಯಬಹುದಿತ್ತು. ಭಯ ಅಂದರೆ ಏನು ಹೇಳುವುದು? ಗಿರಿಜೆಗೆ ತಿಳಿಸಿದೆ. ಅವಳದು ಹಟದ ಜಾತಿ. "ಹಂಗಾದ್ರೆ ಏನೂ ಬ್ಯಾಡ. ಟ್ರ್ಯಾಕ್ ಸೂಟ್ ಹಾಕ್ಕೊಂಡು ತಾಳಿ ಕಟ್ಟಿಸ್ಕೋತೀನಿ" ಅಂದಳು. ಆದರೆ ಇಷ್ಟು ವರ್ಷಗಳಲ್ಲಿ ತನಗೆಂದು ಅವಳು ಕೇಳಿದ್ದೇ ಒಂದು ಹೂವು. ಅತ್ತೆಯಾಗುವವರು ಬಾರದ ಮದುವೆ ಅವಳಿಗೂ ಬೇಕಿರಲಿಲ್ಲ.

ಇಬ್ಬರ ನಡುವೆ ಸಿಕ್ಕ ನಾಗೇಂದ್ರಪ್ಪ ನನಗೆ ಫೋನ್ ಮಾಡಿದರು. "ಅಕ್ಕಾರೆ, ನಮ್ಮವ್ವನ್ನೂ ಗುಡ್ಡಕ್ಕೆ ಕರ್ಕೊಂಡು ಹೋಗಾನಾ? ಕಣ್ಣಿಂದ ನೋಡ್ಲಿ. ಮೊಂಡು ದನಾನ ಹಗ್ಗ ಹಾಕಿ ಎಳೆದ್ರೆ ಬರಾದಿಲ್ಲ. ಹುಲ್ಲು ತೋರಿಸ್ಬೇಕು."

ತಾಯಿಗೆ ಕೊಟ್ಟ ಉಪಮೆ ಹಾಗೇ ನನ್ನಲ್ಲೇ ಉಳಿಯಿತು. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಭಾನುವಾರ ನಾನು ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ. ಅಲ್ಲಿಂದ ಗೊತ್ತು ಮಾಡಿದ ಆಟೋದಲ್ಲಿ ನಾಲ್ವರೂ ನ್ಯಾಮತಿಯ ಕಡೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಹಾಲಮ್ಮ ನಡುವೆ, ನಾವಿಬ್ಬರೂ ಆಚೀಚೆ. ಮುಂದೆ ಡ್ರೈವರನ ಪಕ್ಕ ಅರ್ಧ ಕೂತ ನಾಗೇಂದ್ರಪ್ಪ. ದಾರಿಯುದ್ದಕ್ಕೂ ಹಾಲಮ್ಮ ಮಾತಾಡಿದ್ದು ಮೆಕ್ಕೆಜೋಳದ ಬಗ್ಗೆ ಮಾತ್ರ.

ನಮ್ಮ ಕ್ವಾರ್ಟರ್ಸಿಗೆ ಹೊಸ ಬಣ್ಣ ಬಳಿದಿದ್ದರು. ಹಿತ್ತಲ ಬಾಗಿಲಿಗೆ ಗ್ರಿಲ್ ಬಂದಿತ್ತು. ಗುಡ್ಡ ಮಾತ್ರ ಹಾಗೆಯೇ ಇತ್ತು. ಕಲ್ಲು ಹೆಚ್ಚಾದ್ದರಿಂದ ಯಾರೂ ಉಳುವ ಗೋಜಿಗೆ ಹೋಗಿರಲಿಲ್ಲ. ಹುಲ್ಲು ಎದ್ದಿತ್ತು, ಆದರೆ ಬಿಳಿ ಎಂಬುದು ಎಲ್ಲೂ ಕಾಣಲಿಲ್ಲ. ಮಧ್ಯಾಹ್ನವೆಲ್ಲ ಅಲೆದೆವು. ಒಂದು ಪ್ಲಾಸ್ಟಿಕ್ ಕವರಿನ ಕಡೆಗೆ ನಾನು ಎರಡು ಸಲ ಓಡಿದೆ. ಗಿರಿಜೆಗೆ ತಾಳ್ಮೆ ಕೆಟ್ಟಿತು. ಜೇಬಿನಿಂದ ಸೀಟಿ ತೆಗೆದು ಊದಿದಳು. ಒಂದೊಂದು ಮಾರು ಅಂತರದಲ್ಲಿ ಸಾಲಾಗಿ ನಿಂತು, ಕಣ್ಣು ನೆಲದ ಮೇಲಿಟ್ಟು, ಒಟ್ಟಿಗೆ ಮೇಲಕ್ಕೆ ನಡೆಯಬೇಕು ಎಂದು ಆಜ್ಞೆಯಾಯಿತು. ಹಾಗೆ ನಡೆದೆವು. ಕೆಳಗೆ ದನ ಕಾಯುತ್ತಿದ್ದವರು ಎದ್ದು ನಿಂತು ನೋಡಿದರು.

"ನಂಗೆ ಸಾಕು ಕಣವ್ವ ನಿಮ್ಮ ಡ್ರಿಲ್ಲು" ಎಂದು ಹಾಲಮ್ಮ ಸಾಲು ಬಿಟ್ಟು ಒಂದು ಕಲ್ಲಿನ ಮೇಲೆ ಕೂತರು. ಕೂತವರು ಕಾಲ ಬುಡ ನೋಡಿದರು. "ಇದೇನೇ ಇದು ಗಿರಿಜಾ? ಹೂವಿನ ಹಿಂದೆ ಶಾವಿಗೆ ಜೋತು ಬಿದ್ದಂಗೈತೆ."

ನಾವು ಮೂವರೂ ಓಡಿದೆವು. ಕಲ್ಲಿನ ಮಗ್ಗುಲಲ್ಲಿ, ಹುಲ್ಲಿನ ಮರೆಯಲ್ಲಿ, ಕೊಕ್ಕರೆ ಹೂವು.

ಗಿಡ ನನ್ನ ನೆನಪಿಗಿಂತ ಚಿಕ್ಕದಾಗಿತ್ತು. ಅಥವಾ ನಾನು ದೊಡ್ಡವಳಾಗಿದ್ದೆ. ಎಲೆಗಳೆಲ್ಲ ಬುಡದಲ್ಲೇ, ನೆಲಕ್ಕೆ ಹತ್ತಿರ. ಅವುಗಳ ನಡುವಿನಿಂದ ಒಂದೇ ಒಂದು ದಂಟು ನೆಟ್ಟಗೆ ಎದ್ದು, ತುದಿಯಲ್ಲಿ ಎರಡು ಅರಳಿದ ಹೂವು, ಒಂದು ಮೊಗ್ಗು. ಸರಿಯಾಗಿ ನೋಡಬೇಕಾದರೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಬೇಕು. ಮಲಗಿದೆವು. ನಾನು ಕನ್ನಡಕ ಏರಿಸಿಕೊಂಡು, ಹಾಳೆ ಹರಡಿ, ಪೆನ್ಸಿಲು ಹಿಡಿದೆ.

ಮೊದಲು ಬಾಲ. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಹೂವಿನ ಹಿಂದಿನಿಂದ ಹೊರಟು, ದಂಟಿನ ಪಕ್ಕದಲ್ಲೇ ಇಳಿದು, ಹೂವಿನ ಮೂರು ನಾಲ್ಕು ಪಟ್ಟು ಉದ್ದ ಜೋತಾಡುತ್ತಿತ್ತು. ಬರೀ ದಾರವಲ್ಲ, ಸಪೂರ ಕೊಳವೆ. ಬೆಳಕಿಗೆ ಅಡ್ಡವಾಗಿ ನೋಡಿದರೆ ತುದಿಯಲ್ಲಿ ರಸ ನಿಂತಿರುವುದು ಕಾಣುತ್ತಿತ್ತು. ಅಲ್ಲಿಗೆ ನಾಲಗೆ ಇಳಿಸಬೇಕಾದ ಹುಳಕ್ಕೆ ಎಷ್ಟುದ್ದದ ನಾಲಗೆ ಬೇಕು, ಯೋಚಿಸಿ. ನಮ್ಮ ಬೀದಿಯಲ್ಲೂ ಅಂಥವರು ಕಡಿಮೆ.

ಆಮೇಲೆ ಮುಖ. ಮೇಲ್ಗಡೆ ಮೂರು ಎಸಳು ಒತ್ತಟ್ಟಿಗೆ ಸೇರಿ ಕುಲಾವಿಯಂತೆ ಬಾಗಿವೆ. ಆಚೀಚೆ ಎರಡು ರೆಕ್ಕೆಯ ಹಾಗೆ ಹರಡಿವೆ. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಅದೇ ತುಟಿ. ಅದೂ ಮೂರು ಭಾಗ: ಪಕ್ಕದವೆರಡು ಬೀಸಣಿಗೆಯಂತೆ ಅಗಲ, ನಡುವಿನದು ಮಾತ್ರ ಮುಖ ನೋಡಿ ನಾಲಗೆ ಚಾಚಿದಂತೆ ಕಿರಿದು. ಹಾಗಾಗಿ ಜೇಡವೆಂದರೆ ಜೇಡ, ವಿಮಾನವೆಂದರೆ ವಿಮಾನ. ನಮ್ಮ ಗಿರಾಕಿಗಳ ತಪ್ಪೇನಿಲ್ಲ.

"ಅಕ್ಕ, ಮೊಗ್ಗು ನೋಡು" ಎಂದಳು ಗಿರಿಜೆ. "ಮೊಗ್ಗಿನಾಗೆ ಆ ತುಟಿ ಮ್ಯಾಲಿದ್ದಂಗೈತೆ. ಅರಳಿದ್ರಾಗೆ ಕೆಳಗೈತೆ. ಹೆಂಗೆ?"

ಹೂವಿನ ಹಿಂದೆ, ಮುಂದೆ ಕಾಯಾಗಬೇಕಾದ ಜಾಗ, ತೊಟ್ಟಿನ ಹಾಗೆ ಉದ್ದವಾಗಿರುತ್ತದೆ. ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ಅರಳುವ ಮುಂಚೆ ಹೂವು ಕುತ್ತಿಗೆಯ ಮೇಲೆ ಅರ್ಧ ಸುತ್ತು ತಿರುಗಿ, ತಲೆಕೆಳಗಾದದ್ದನ್ನು ನೆಟ್ಟಗೆ ಮಾಡಿಕೊಂಡಿತ್ತು.

"ಅಬೌಟ್ ಟರ್ನ್!" ಎಂದಳು ಗಿರಿಜೆ, ಮಲಗಿದ್ದಲ್ಲೇ. "ನಮ್ಮ ಒಂಬತ್ತನೇ ಕ್ಲಾಸಿನೋರಿಗೆ ಇನ್ನೂ ಬರಲ್ಲ ಸರ್ ಇದು."

ಬಾಲದ ಬಾಯಿ ಎಲ್ಲಿದೆ ಎಂದು ನೋಡಲು ನಾನು ಪೆನ್ಸಿಲಿನ ತುದಿಯನ್ನು ಮೆಲ್ಲಗೆ ಒಳಗೆ ತೂರಿಸಿದೆ. ಹೊರಗೆ ತೆಗೆದಾಗ ಅದಕ್ಕೆ ಎರಡು ಪುಟ್ಟ ಹಳದಿ ಗದೆಗಳು ಅಂಟಿಕೊಂಡು ಬಂದವು. ಕೊಡವಿದೆ, ಬೀಳಲಿಲ್ಲ. ಉರುಬಿದೆ, ಬೀಳಲಿಲ್ಲ. ಬುಡದಲ್ಲಿ ಗೋಂದು ಹಚ್ಚಿದ ಹಾಗಿತ್ತು.

ನಾಗೇಂದ್ರಪ್ಪ ಪೆನ್ಸಿಲು ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಮುಖ ಕೆಂಪಾಯಿತು. "ಪರಾಗದ ಗಂಟು ಅಕ್ಕಾರೆ. ಹುಳ ರಸ ಕುಡಿಯಾಕೆ ಬಂದಾಗ ಮುಖಕ್ಕೆ ಅಂಟಿಸಿ ಕಳಿಸ್ತೈತೆ. ಅದು ಇನ್ನೊಂದು ಹೂವಿಗೆ ಹೋಗಿ ಮುಟ್ಟಿಸ್ತೈತೆ." ಗಂಟಲು ಸರಿಮಾಡಿಕೊಂಡರು. "ಒಂದು ಲೆಕ್ಕದಾಗೆ ನಮ್ಮ ಇಲಾಖೆ ಕೆಲ್ಸಾನೇ."

ಹಳ್ಳಿ ಹಳ್ಳಿಗೆ ಬೈಕಿನಲ್ಲಿ ಹೋಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವರ ನಿತ್ಯದ ಉದ್ಯೋಗ. ಗಿರಿಜೆ ಹುಲ್ಲಿನಲ್ಲಿ ಮುಖ ಹುದುಗಿಸಿ ನಕ್ಕಳು. ಅವಳ ಭುಜ ಕುಣಿಯುತ್ತಿತ್ತು. "ಥೂ, ಹಿರೇರ ಮುಂದೆ ಏನ್ ಮಾತೋ ಅದು" ಎಂದು ಹಾಲಮ್ಮ ಗದರಿದರು. ಗದರಿ ತಾವೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಆಮೇಲೆ ಅವರು ಕಲ್ಲಿನಿಂದ ಇಳಿದರು. ಮಲಗಲಿಲ್ಲ, ಕೂತೇ ಬಗ್ಗಿದರು. ಬಾಲವನ್ನು ಒಂದು ಬೆರಳಿನ ಮೇಲೆ ಎತ್ತಿ ಹಿಡಿದು ಬುಡದಿಂದ ತುದಿಯವರೆಗೆ ನೋಡಿದರು.

"ಬಿಳಿ ಬಿಳಿ ಅಂದ್ರಲ್ಲ," ಎಂದರು. "ಪೂರ್ತಿ ಬಿಳಿ ಎಲ್ಲೈತೆ ಇದು? ಬಾಲ ಹಸ್ರೈತಲ್ಲ."

ಹೌದು. ಎಸಳು ಹಾಲಿನಂತಿದ್ದರೂ ಗಂಟಲಲ್ಲಿ ಹಸಿರಿನ ಛಾಯೆ, ಬಾಲ ಇಳಿಯುತ್ತಾ ಇಳಿಯುತ್ತಾ ಎಳೆಹಸಿರು, ತುದಿಯಲ್ಲಿ ಇನ್ನಷ್ಟು ದಟ್ಟ.

"ಹಸಿರು ಬಳೆ ಬಣ್ಣ," ಎಂದರು ಹಾಲಮ್ಮ. ತಮಗೇ ಹೇಳಿಕೊಂಡಂತಿತ್ತು. ಗಿರಿಜೆಯ ಕಡೆ ತಿರುಗಿದರು. "ಬಿಳಿ ಇದ್ರೂ ಹಸಿರು ಜೊತಿಗೇ ಇಟ್ಕೊಂಡೈತೆ. ಹಾಕಿಸ್ಕೋ. ಆದ್ರೆ ಬಾಲ ಗಿಡ್ಡ ಮಾಡಬ್ಯಾಡ್ರಿ. ಇದ್ದಷ್ಟೂ ಹಾಕ್ರಿ."

ಗಿರಿಜೆ ಎದ್ದು ಕೂತು, ಅವರ ಸೀರೆಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಹಾಲಮ್ಮ ಕಾಲು ಚಾಚಿ ಕೀಳಿಸಿಕೊಂಡರು.

ಸಂಜೆಯವರೆಗೆ ಇರೋಣ ಎಂದು ಹೇಳಿದವಳು ಗಿರಿಜೆ. ಬೆಳಕು ಹಳದಿಯಾಗುತ್ತಾ ಬಂದಂತೆ, ಮಧ್ಯಾಹ್ನ ಮೂಗು ತಾಗಿಸಿದರೂ ಸುಮ್ಮನಿದ್ದ ಹೂವು ಪರಿಮಳ ಬಿಡಲು ಶುರುಮಾಡಿತು. ಮಲ್ಲಿಗೆಯಷ್ಟು ಗಾಢವಲ್ಲ. ತೊಳೆದು ಒಣಗಿಸಿದ ಬಟ್ಟೆಯ ಮಡಿಕೆಯಲ್ಲಿ ಯಾರೋ ಸಂಪಿಗೆಯ ಎಸಳು ಇಟ್ಟು ಮರೆತ ಹಾಗೆ. ಬಿಳಿ ಬಣ್ಣ, ಸಂಜೆಯ ವಾಸನೆ ಎರಡೂ ಕತ್ತಲಲ್ಲಿ ಹಾರುವ ಹುಳಗಳನ್ನು ಕರೆಯಲಿಕ್ಕಂತೆ. ಹುಳಗಳಿಗಿಂತ ಮೊದಲು ನಾವು ಬಂದುಬಿಟ್ಟಿದ್ದೆವು. ನಾಲ್ವರೂ ಸುತ್ತ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಹೂವನ್ನು ಯಾರೂ ಕೀಳಲಿಲ್ಲ.

ಇನ್ನು ನನ್ನ ಪಾಡು ಕೇಳಿ. ಬಿಡಿಸಿಕೊಂಡು ಬಂದದ್ದನ್ನು ರವಿಕೆಗೆ ಇಳಿಸಬೇಕಲ್ಲ? ಮಾವಿನಹಣ್ಣಿನ ಬಣ್ಣದ ರೇಷ್ಮೆ. ತೋಳಿಗೆ ಮೂರು ಮೂರು ಹೂವು. ಎಸಳಿಗೆ ಬಿಳಿ ರೇಷ್ಮೆ ದಾರ, ತುಟಿಯ ಅಂಚಿಗೆ ಮಾತ್ರ ಸಣ್ಣ ಮುತ್ತು. ಬಾಲಕ್ಕೆ ಜಾಗವೇ ಸಾಲದು. ತೋಳು ಮುಗಿದರೂ ಬಾಲ ಮುಗಿಯುವುದಿಲ್ಲ. "ಇದ್ದಷ್ಟೂ ಹಾಕ್ರಿ" ಎಂದು ಆಜ್ಞೆ ಬೇರೆ. ಕೊನೆಗೆ ಶಬಾನಾ ಉಪಾಯ ಹೇಳಿದಳು: "ತೋಳಿನ ಅಂಚಿಂದ ಕೆಳಗೆ ಬಿಟ್ಬಿಡಾನ ಅಕ್ಕ. ಹಸಿರು ರೇಷ್ಮೆ ದಾರ ಹೊಸೆದು. ಗಾಳಿಗೆ ಆಡ್ತೈತೆ." ಹಾಗೆಯೇ ಮಾಡಿದೆವು. ಅವಳು ಚೌಕಟ್ಟಿನ ಒಂದು ಕಡೆ, ನಾನು ಒಂದು ಕಡೆ, ತುದಿಯಲ್ಲಿ ಕೊಕ್ಕೆಯಿರುವ ಸೂಜಿ ಕೆಳಗಿಂದ ದಾರ ಎಳೆದೆಳೆದು ತರುತ್ತಿದ್ದರೆ ಹೂವು ಬಟ್ಟೆಯೊಳಗಿಂದಲೇ ಎದ್ದು ಬಂದಂತೆ ಕಾಣುತ್ತಿತ್ತು. ಮುಗಿಸಿದ ಮೇಲೆ ಶಬಾನಾ ದೂರ ನಿಂತು ನೋಡಿ, "ಈಗ ಕನ್ನಡಿ ಬ್ಯಾಡ ಬಿಡ್ರಿ" ಎಂದಳು. ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು.

ಮದುವೆಯ ದಿನ ಗಿರಿಜೆ ಆ ರವಿಕೆ ತೊಟ್ಟು ಗುಡಿಯ ಅಂಗಳಕ್ಕೆ ಬಂದಾಗ ಅವಳ ಶಾಲೆಯ ಹುಡುಗಿಯರು ಸೀಟಿ ಹೊಡೆದರು. ಅವಳು ಅಭ್ಯಾಸಬಲದಿಂದ "ಯಾರದು?" ಎಂದು ಗದರಿದಳು. ತಾಳಿ ಕಟ್ಟುವ ಹೊತ್ತು. ನಾಗೇಂದ್ರಪ್ಪನವರದು ಎಂಥೆಂಥ ಹೋರಿಗಳನ್ನು ಹಿಡಿದ ಕೈ! ಮೂರು ಗಂಟು ಹಾಕಿ ಕೈ ಹಿಂದಕ್ಕೆ ತೆಗೆಯುತ್ತಾರೆ, ಬರುತ್ತಿಲ್ಲ. ತೋಳಿನ ಒಂದು ಹಸಿರು ಬಾಲ ಅವರ ಗಡಿಯಾರದ ಪಟ್ಟಿಗೆ ಸುತ್ತಿಕೊಂಡಿತ್ತು. ಎಳೆದರೆ ಕಸೂತಿಯೆಲ್ಲ ಬಿಚ್ಚಿಹೋಗುತ್ತದೆ. ಅಕ್ಷತೆ ಬೀಳುತ್ತಲೇ ಇದೆ. ನನ್ನ ಕೈಚೀಲದಲ್ಲಿ ಯಾವಾಗಲೂ ಕತ್ತರಿ ಇರುತ್ತದೆ, ತೆಗೆದುಕೊಂಡು ಓಡಿದೆ.

"ಕತ್ರಿ ಒಳಗಿಡು!" ಹಾಲಮ್ಮ ನನ್ನ ಕೈ ಹಿಡಿದರು. "ಶುಭಕಾರ್ಯದಾಗೆ ಕತ್ರಿ ತರ್ತಾರಾ? ನಿಲ್ಲು. ನಾನು ಬಿಡಿಸ್ತೀನಿ."

ಅವರು ಕನ್ನಡಕ ಹಾಕಿಕೊಂಡು ಬಿಡಿಸಲು ಕೂತರು. ಅವಸರವೇ ಇರಲಿಲ್ಲ ಅವರಿಗೆ. ಮದುಮಗ ಒಂದು ಕೈಯನ್ನು ಮದುಮಗಳ ತೋಳಿನ ಹತ್ತಿರವೇ ಇಟ್ಟುಕೊಂಡು, ಸುತ್ತಲಿನ ಜನರ ಕಡೆ ನೋಡಲಾರದೆ, ಗುಡಿಯ ಗೋಪುರ ನೋಡುತ್ತಾ ನಿಂತರು.

"ನೋವಾಗ್ತೈತಾ ಮೇಡಂ?"

"ಇಲ್ಲ ಸರ್. ನಿಧಾನಕ್ಕೆ ಬಿಡಿಸ್ಲಿ."

ಜನ ಬಿದ್ದು ಬಿದ್ದು ನಕ್ಕರು. ಬಾಲ ಬಿಟ್ಟುಕೊಂಡಾಗ ಹಾಲಮ್ಮ ಅದನ್ನು ಎರಡು ಬೆರಳಿನಲ್ಲಿ ನೀವಿ ನೇರಮಾಡಿ, ಸೊಸೆಯ ತೋಳಿನ ಮೇಲೆ ಒಮ್ಮೆ ಕೈಯಾಡಿಸಿದರು.

ದೀಪಾವಳಿ ಹತ್ತಿರ ಬಂದಾಗ ನನಗೆ ತಲೆ ಎತ್ತಲೂ ಬಿಡುವಿಲ್ಲದಷ್ಟು ಕೆಲಸ. ಒಂದು ಮಧ್ಯಾಹ್ನ ನೋಡುತ್ತೇನೆ, ಹಾಲಮ್ಮ ಒಬ್ಬರೇ ಹೊನ್ನಾಳಿಯ ಬಸ್ಸಿನಿಂದ ಇಳಿದು ಅಂಗಡಿಗೆ ಬಂದಿದ್ದಾರೆ. ನೀರು ಕುಡಿದರು. ಮಗ ಸೊಸೆಯ ಬಗ್ಗೆ ಹೇಳಿದರು: ಮನೆಯಲ್ಲೂ ಸರ್, ಮೇಡಂ ಎಂದೇ ಕರೆದುಕೊಳ್ಳುತ್ತಾರಂತೆ. ನೆರೆಯವರು ಸ್ಕೂಲು ನಡೆಯುತ್ತಿದೆ ಎಂದುಕೊಂಡಿದ್ದಾರಂತೆ. ಶಬಾನಾ ಊಟಕ್ಕೆ ಹೋಗುವವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ಚೀಲದಿಂದ ಒಂದು ರವಿಕೆ ಕಣ ತೆಗೆದು ಹಲಗೆಯ ಮೇಲಿಟ್ಟರು. ಕಂದು ಬಣ್ಣದ ಸಾದಾ ಬಟ್ಟೆ.

"ನಾಗೇಂದ್ರನ ಅಪ್ಪ ಹೋದಾಗ ಇವನಿನ್ನೂ ಸ್ಲೇಟು ಹಿಡೀತಿದ್ದ. ಅವತ್ತಿಂದ ನಾನು ರವಿಕೆ ಮ್ಯಾಲೆ ಒಂದು ಬಣ್ಣದ ಎಳೆ ಹಾಕಿಲ್ಲ," ಎಂದರು. "ಒಂದು ಹೂವು ಹಾಕ್ಕೊಡ್ತೀಯಾ ತಾಯಿ? ಒಂದೇ. ಎಡಗಡೆ ತೋಳಿಗೆ, ಸೆರಗು ಮುಚ್ಚೋ ಜಾಗದಾಗೆ."

"ಮುಚ್ಚಿದ್ರೆ ಯಾರಿಗೂ ಕಾಣಾದಿಲ್ವಲ್ಲಮ್ಮ?"

"ಒಳಗೈತೆ ಅಂತ ನಂಗೆ ಗೊತ್ತಿರ್ತೈತಲ್ಲ."

ನಾನು ಅಳತೆ ತೆಗೆದುಕೊಂಡೆ. "ಬಾಲ ಗಿಡ್ಡ ಮಾಡ್ಲಾ?"

ಅವರು ರಸ್ತೆಯ ಕಡೆ ನೋಡಿದರು. "ಅದನ್ಯಾಕೆ ಕೇಳ್ತೀಯ," ಎಂದರು. "ಇದ್ದಷ್ಟೂ ಹಾಕು."

ಹಬ್ಬದ ಮುಂಚೆ ರವಿಕೆ ತೊಟ್ಟು ನೋಡಲು ಬಂದರು. ಪರದೆಯ ಹಿಂದೆ ಹೋಗಿ ತೊಟ್ಟು, ಸೆರಗು ಹೊದ್ದು, ಕನ್ನಡಿಯ ಮುಂದೆ ನಿಂತರು. ಹೂವು ಮುಚ್ಚಿಹೋಗಿತ್ತು. ಆದರೆ ಸೆರಗಿನ ಅಂಚಿನಿಂದ ಒಂದು ಬೆರಳಷ್ಟು ಹಸಿರು ಹೊರಗೆ ಇಣುಕುತ್ತಿತ್ತು. ಹಾಲಮ್ಮ ಅದನ್ನು ಕನ್ನಡಿಯಲ್ಲಿ ನೋಡಿದರು. ಒಳಗೆ ಸೇರಿಸಲೆಂದು ಕೈ ಎತ್ತಿದರು. ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡು, "ಬಸ್ಸಿಗೆ ಹೊತ್ತಾತು" ಎನ್ನುತ್ತಾ ಹಾಗೇ ಹೊರಟರು.